ಗಿಡದ ಅಕ್ವೇರಿಯಂಗೆ ಮನೆಯಲ್ಲೇ ಎಲ್‌ಇಡಿ ಲೈಟ್: ಬೆಳಕಿಗಿಂತ ಹಿಡಿತ ಮುಖ್ಯ

ಗಿಡ ಬೆಳೆಸುವ ಅಕ್ವೇರಿಯಂಗೆ ಸ್ವಂತ ಲೈಟ್ ಮಾಡಿಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ವ್ಯಾಟ್ ಹಾಕಬೇಕು?’ ಎಂದು. ಟ್ಯೂಬ್‌ಲೈಟ್ ಕಾಲದಲ್ಲಿ ಆ ಪ್ರಶ್ನೆಗೆ ಅರ್ಥವಿತ್ತು. ಒಂದು ವ್ಯಾಟಿಗೆ ಸಿಗುವ ಬೆಳಕು ಎಲ್ಲ ಟ್ಯೂಬಿನಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ಎಲ್‌ಇಡಿಯಲ್ಲಿ ಹಾಗಿಲ್ಲ. ಅಗ್ಗದ ಬೀಡ್ (ಬಿಡಿ ಎಲ್‌ಇಡಿ ದೀಪ) ಒಂದು ವ್ಯಾಟಿಗೆ 70–80 ಲ್ಯೂಮೆನ್ (ಬೆಳಕಿನ ಅಳತೆ) ಕೊಟ್ಟರೆ ಒಳ್ಳೆಯದು 120 ದಾಟುತ್ತದೆ. ಆದ್ದರಿಂದ ವ್ಯಾಟನ್ನು ಪಕ್ಕಕ್ಕಿಟ್ಟು ಬೇರೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ನೀರು ಎಷ್ಟು ಆಳ? ಯಾವ ಗಿಡ? ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದೆಯೋ ಇಲ್ಲವೋ?

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರದ ರೆಂಬೆ ಸವರುವುದು) ಮಾಡುವಾಗ ಬಿಸಿಲು ಜಾಸ್ತಿ ಬೀಳಲಿ ಎಂದು ಇದ್ದಬದ್ದ ಮರವನ್ನೆಲ್ಲ ಯಾರೂ ಬೋಳಿಸುವುದಿಲ್ಲ. ಅರೇಬಿಕಾಕ್ಕೆ ಎಷ್ಟು ನೆರಳು, ರೊಬಸ್ಟಾಕ್ಕೆ ಎಷ್ಟು, ಮಳೆಗಾಲದ ಮಬ್ಬಿನಲ್ಲಿ ಗಿಡಕ್ಕೆ ಎಷ್ಟು ಬೆಳಕು ಇಳಿಯಬೇಕು ಎಂದು ಅಂದಾಜು ಮಾಡಿ ಹಾಲುವಾಣದ ರೆಂಬೆ ಇಳಿಸುತ್ತಾರೆ. ಟ್ಯಾಂಕಿನ ಲೈಟ್ ಮಾಡುವವರ ಕೆಲಸವೂ ಅಷ್ಟೇ. ಸ್ವಂತ ಲೈಟ್ ಕಟ್ಟಿಕೊಳ್ಳುವುದರಿಂದ ದುಡ್ಡು ಉಳಿಯಬಹುದು, ಉಳಿಯದೆಯೂ ಇರಬಹುದು. ಆದರೆ ಎಷ್ಟು ಬೆಳಕು, ಎಷ್ಟು ಹೊತ್ತು ಎನ್ನುವ ಹಿಡಿತ ನಮ್ಮ ಕೈಗೆ ಬರುತ್ತದೆ. ಅಂಗಡಿಯ ಕ್ಲಿಪ್ ಲೈಟಿನಲ್ಲಿ ಸಿಗದೇ ಇರುವುದು ಆ ಹಿಡಿತವೇ.

ಹಿಡಿತ ಯಾಕೆ ಇಷ್ಟು ಮುಖ್ಯ ಎಂದರೆ, ಬೆಳಕು ಹೆಚ್ಚಾದಷ್ಟೂ ಗಿಡದ ಹಸಿವೂ ಹೆಚ್ಚುತ್ತದೆ. ಕಾರ್ಬನ್ ಡೈಆಕ್ಸೈಡ್, ನೈಟ್ರೇಟ್, ಪೊಟ್ಯಾಶ್, ಕಬ್ಬಿಣ ಎಲ್ಲವನ್ನೂ ಅದು ಬೇಗ ಬೇಗ ಎಳೆಯುತ್ತದೆ. ಗಾಳಿಯಿಂದ ತಾನಾಗಿ ನೀರಿಗೆ ಕರಗುವ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಕೆಲವೇ ಮಿಲಿಗ್ರಾಂ. ಸಿಲಿಂಡರ್ ಇಟ್ಟವರು ಅದನ್ನು 20–30 ಮಿಲಿಗ್ರಾಂವರೆಗೆ ಏರಿಸುತ್ತಾರೆ. ಸಿಲಿಂಡರ್ ಇಲ್ಲದ ಟ್ಯಾಂಕಿಗೆ ಜೋರು ಲೈಟ್ ಹಾಕಿದರೆ ಗಿಡ ಹಸಿವಿನಿಂದ ನಿಂತುಬಿಡುತ್ತದೆ, ಉಳಿದ ಬೆಳಕನ್ನು ಪಾಚಿ ತಿನ್ನುತ್ತದೆ. ‘ಲೈಟ್ ಹಾಕಿದ ಮೇಲೆ ಪಾಚಿ ಬಂತು’ ಎನ್ನುವ ದೂರುಗಳಲ್ಲಿ ಬಹುಪಾಲಿನ ಒಳಗುಟ್ಟು ಇದೇ.

ಈಗ ಲೆಕ್ಕಕ್ಕೆ ಬರೋಣ. ಒಂದೂಕಾಲು ಅಡಿಯಷ್ಟು ಆಳದ ಟ್ಯಾಂಕಿಗೆ ಒಂದು ಲೀಟರಿಗೆ 10ರಿಂದ 20 ಲ್ಯೂಮೆನ್ ಕಡಿಮೆ ಬೆಳಕು, 20ರಿಂದ 40 ಮಧ್ಯಮ, 40ರ ಮೇಲೆ ಹೆಚ್ಚು ಎಂದು ಹವ್ಯಾಸಿಗಳು ಇಟ್ಟುಕೊಂಡಿರುವ ಅಂದಾಜು ಕೈಕೊಡುವುದಿಲ್ಲ. ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೋಕೋರಿನ್ ಇವಕ್ಕೆಲ್ಲ ಕಡಿಮೆ ಬೆಳಕೇ ಸಾಕು. ಕ್ರಿಪ್ಟೋಕೋರಿನ್, ಲ್ಯಾಗೆನಾಂಡ್ರ ಕುಲದ ಹಲವು ಗಿಡಗಳು ಪಶ್ಚಿಮ ಘಟ್ಟದ ಹಳ್ಳಗಳ ಅಂಚಿನಲ್ಲೇ ಇವೆ. ಮರದ ನೆರಳಿನಲ್ಲಿ ಹರಿಯುವ ನೀರು ಅವುಗಳ ಮನೆ. ಅಂಥ ಗಿಡಕ್ಕೆ ಜೋರು ಬೆಳಕು ಹಾಕಿದರೆ ಎಲೆಯ ಮೇಲೆ ಹಸಿರು ಚುಕ್ಕೆ ಪಾಚಿ ಹಿಡಿಯುತ್ತದೆ, ಬೇರೇನೂ ಲಾಭವಿಲ್ಲ. ರೋಟಾಲ, ಹೈಗ್ರೋಫಿಲಾದಂಥ ಕಾಂಡದ ಗಿಡಗಳಿಗೆ ಮಧ್ಯಮ ಬೆಳಕು ಬೇಕು. ನೆಲದ ಮೇಲೆ ಹುಲ್ಲಿನಂತೆ ಹಬ್ಬುವ ಗಿಡ ಬೇಕು, ರೋಟಾಲ ಕೆಂಪಗಾಗಬೇಕು ಎನ್ನುವವರು ಮೊದಲು ಸಿಲಿಂಡರ್ ತರಲಿ, ಲೈಟ್ ಆಮೇಲೆ.

ಉದಾಹರಣೆಗೆ ನಮ್ಮ ಕಡೆ ಹೆಚ್ಚಾಗಿ ಕಾಣುವ ಎರಡಡಿ ಟ್ಯಾಂಕನ್ನೇ ತೆಗೆದುಕೊಳ್ಳಿ: 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರ. ಲೆಕ್ಕಕ್ಕೆ 70 ಲೀಟರ್ ಬಂದರೂ ಮಣ್ಣು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 60 ಲೀಟರ್ ನೀರು. ಮಧ್ಯಮ ಬೆಳಕಿಗೆ ಸುಮಾರು 1600 ಲ್ಯೂಮೆನ್ ಬೇಕು. ಇಷ್ಟಕ್ಕೆ ಕಟ್ಟಿ, ಅದನ್ನು ಇಳಿಸುವ ದಾರಿ ಇಟ್ಟುಕೊಳ್ಳುವುದು ಜಾಣತನ. ಇಳಿಸುವುದು ಸುಲಭ, ಏರಿಸಬೇಕೆಂದರೆ ಮತ್ತೆ ಬಿಚ್ಚಬೇಕು.

ಬಣ್ಣದ ವಿಷಯದಲ್ಲಿ ಗೊಂದಲ ಜಾಸ್ತಿ. ಬಿಳಿ ಎಲ್‌ಇಡಿ ಎಂದರೆ ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದದ್ದು. ಆ ನೀಲಿ ಚಿಪ್ಪನ್ನು ಸಾಧ್ಯವಾಗಿಸಿದ ಅಕಾಸಾಕಿ, ಅಮಾನೊ, ನಾಕಾಮುರ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೇ: 6500 ಕೆಲ್ವಿನ್‌ನ (ಬಿಳಿಯ ಛಾಯೆ ಹೇಳುವ ಅಂಕಿ, ಹೆಚ್ಚಿದಷ್ಟೂ ನೀಲಿ) ಬಿಳಿ ಬೀಡಿನೊಳಗೆ 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಆಗಲೇ ಧಾರಾಳವಾಗಿದೆ. ಬೇರೆ ನೀಲಿ ಬೀಡ್ ಸೇರಿಸುವ ಅಗತ್ಯವಿಲ್ಲ. ಅದರಲ್ಲಿ ಕೊರತೆ ಇರುವುದು ಕಡುಗೆಂಪು. ಅದಕ್ಕಾಗಿ 660 ನ್ಯಾನೊಮೀಟರ್‌ನ ಕೆಂಪು ಬೀಡ್ ನಾಲ್ಕು ಸೇರಿಸಿದರೆ ಗಿಡಕ್ಕೂ ಒಳ್ಳೆಯದು, ಕೆಂಪು ಎಲೆ, ಮೀನಿನ ಬಣ್ಣ ಎರಡೂ ಎದ್ದು ಕಾಣುತ್ತವೆ. ಕೊಳ್ಳುವಾಗ 620–630ರ ಬೀಡ್ ಕೊಟ್ಟುಬಿಡುತ್ತಾರೆ. ಅದು ಕಣ್ಣಿಗೆ ಹೆಚ್ಚು ಪ್ರಖರ, 660 ಮಂಕಾಗಿ ಕಾಣುತ್ತದೆ, ಹಾಗಾಗಿ ಮಂಕಾದದ್ದೇ ಕಳಪೆ ಎಂದುಕೊಂಡು ಜನ ಬದಲಿಸಿಕೊಂಡು ಬರುತ್ತಾರೆ. ನಮ್ಮ ಕಣ್ಣಿಗೆ ಆ ಬಣ್ಣ ಸರಿಯಾಗಿ ಕಾಣುವುದಿಲ್ಲ ಅಷ್ಟೇ, ಗಿಡ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಇನ್ನು ‘ಗ್ರೋ ಲೈಟ್’ ಎಂದು ಮಾರುವ ನೇರಳೆ ದೀಪ ಬೇಡವೇ ಬೇಡ. ಹಸಿರು ಬೆಳಕು ಗಿಡಕ್ಕೆ ಪ್ರಯೋಜನವಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. 1972ರಲ್ಲಿ ವಿಜ್ಞಾನಿ ಮೆಕ್ರೀ ಬೆಳೆ ಗಿಡಗಳ ಮೇಲೆ ಅಳೆದು ತೋರಿಸಿದಂತೆ ಹಸಿರಿನಿಂದಲೂ ದ್ಯುತಿಸಂಶ್ಲೇಷಣೆ ಚೆನ್ನಾಗಿಯೇ ನಡೆಯುತ್ತದೆ. ಮೇಲಾಗಿ ಹಸಿರು ಬೆಳಕಿಲ್ಲದ ಟ್ಯಾಂಕಿನಲ್ಲಿ ಹಸಿರು ಎಲೆ ಕಪ್ಪಾಗಿ ಕಾಣುತ್ತದೆ.

ಬೀಡ್ ಬೆಸುಗೆಗೆ ಕೈ ಹಾಕುವ ಮೊದಲು ಸುಲಭದ ದಾರಿಗಳನ್ನೂ ನೋಡಿಬಿಡಿ. ಅಂಗಡಿ ಬೋರ್ಡಿಗೆ ಹಾಕುವ 12 ವೋಲ್ಟಿನ ಎಲ್‌ಇಡಿ ಮಾಡ್ಯೂಲ್, ಮೂರು ಮೂರು ದೀಪದ ಸೀಲ್ ಮಾಡಿದ ತುಂಡು, ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಬೋರ್ಡ್ ಮಾಡುವವರ ಬಳಿಯೇ ಸಿಗುತ್ತದೆ. ನೀರಾವಿ ಒಳಗೆ ಹೋಗುವುದಿಲ್ಲ, 12 ವೋಲ್ಟ್ ಆದ್ದರಿಂದ ಭಯವೂ ಇಲ್ಲ. ಒಂದಡಿ ಆಳದೊಳಗಿನ ಸಣ್ಣ ಟ್ಯಾಂಕಿಗೆ, ಅನುಬಿಯಾಸ್, ಫರ್ನ್ ಇಟ್ಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಬಣ್ಣ ಮಾತ್ರ ಕೇಳಿ ತನ್ನಿ. ಬೋರ್ಡಿಗೆ ಬರುವ ಬಿಳಿ ಬಹಳ ಸಲ 10,000 ಕೆಲ್ವಿನ್ ಮೇಲಿರುತ್ತದೆ, ನೀಲಿ ಹೊಡೆಯುತ್ತದೆ. 12 ವೋಲ್ಟಿನ ಅಂಟು ಸ್ಟ್ರಿಪ್ ಬಗ್ಗೆ ನಮಗೆ ಅಷ್ಟು ಒಲವಿಲ್ಲ. 5050 ಚಿಪ್ಪಿನ, ಮೀಟರಿಗೆ 60 ದೀಪದ ಸ್ಟ್ರಿಪ್ ಮೀಟರಿಗೆ 14.4 ವ್ಯಾಟ್ ಎಳೆಯುತ್ತದೆ. ಅದನ್ನು ಅಲ್ಯೂಮಿನಿಯಂ ಮೇಲೆ ಅಂಟಿಸದೆ ಮರಕ್ಕೋ ಪಿವಿಸಿಗೋ ಅಂಟಿಸಿದರೆ ಬಿಸಿಗೆ ಬೇಗ ಮಂಕಾಗುತ್ತದೆ. ನೀರು ತಡೆಯಲು ಮೇಲೆ ಸುರಿದ ಸಿಲಿಕೋನ್ ಹಳದಿಯಾಗುತ್ತದೆ.

ಸಿದ್ಧ ಫ್ಲಡ್ ಲೈಟನ್ನೇ ಟ್ಯಾಂಕಿಗೆ ಬಳಸುವ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಗ್ಗದ ಫ್ಲಡ್ ಲೈಟುಗಳಲ್ಲಿ ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಸಾಧನ) ಬೇರೆ ಇರುವುದಿಲ್ಲ, 230 ವೋಲ್ಟ್ ನೇರವಾಗಿ ದೀಪದ ಬೋರ್ಡಿಗೇ ಬರುತ್ತದೆ. ಮೇನ್ಸ್‌ಗೂ ದೀಪಕ್ಕೂ ನಡುವೆ ಟ್ರಾನ್ಸ್‌ಫಾರ್ಮರಿನ ತಡೆ ಇಲ್ಲ. ಗಾಜು ಒಡೆದರೆ, ರಬ್ಬರ್ ಸಡಿಲವಾಗಿ ಒಳಗೆ ನೀರಾವಿ ಕೂತರೆ, ಆ ದೀಪದ ಮೈಗೂ ಟ್ಯಾಂಕಿನ ನೀರಿಗೂ ಕರೆಂಟ್ ಬರಬಹುದು. ಅಂಥದನ್ನು ಬಿಚ್ಚಿ ಬೀಡ್ ಬದಲಿಸಿ ಟ್ಯಾಂಕಿನ ಮೇಲೆ ಕೂರಿಸುವ ಕೆಲಸಕ್ಕೆ ಯಾರೂ ಹೋಗಬಾರದು.

ನಾವು ಒಪ್ಪುವ ವಿನ್ಯಾಸ ಹೀಗಿದೆ. 20 ಮಿಲಿಮೀಟರಿನ ಅಲ್ಯೂಮಿನಿಯಂ ಸ್ಟಾರ್ (ನಕ್ಷತ್ರಾಕಾರದ ಪುಟ್ಟ ತಟ್ಟೆ) ಮೇಲೆ ಬರುವ ಮೂರು ವ್ಯಾಟಿನ ಬೀಡ್: ಬಿಳಿ 16, ಕಡುಗೆಂಪು 4. ಅವನ್ನು 700 ಮಿಲಿಆಂಪಿಯರಿನಲ್ಲಿ ಓಡಿಸಬಹುದಾದರೂ 350ರಲ್ಲಿ ಓಡಿಸುವುದು. ಅರ್ಧ ಕರೆಂಟಿನಲ್ಲಿ ಒಂದು ವ್ಯಾಟಿಗೆ ಸಿಗುವ ಬೆಳಕು ಹೆಚ್ಚು, ಬಿಸಿ ಕಡಿಮೆ, ಆಯಸ್ಸು ಜಾಸ್ತಿ. ಸಾಧಾರಣ ಗುಣಮಟ್ಟದ ಬಿಳಿ ಬೀಡ್ ಈ ಕರೆಂಟಿನಲ್ಲಿ 100 ಲ್ಯೂಮೆನ್ ಆಸುಪಾಸು ಕೊಡುತ್ತದೆ. ಹದಿನಾರಕ್ಕೆ 1600 ಆಯಿತು.

ಇವನ್ನು ಎರಡು ಸಾಲು ಮಾಡಿ. ಒಂದೊಂದು ಸಾಲಿನಲ್ಲಿ 8 ಬಿಳಿ, 2 ಕೆಂಪು, ಎಲ್ಲವೂ ಸರಣಿಯಲ್ಲಿ: ಒಂದರ ಪ್ಲಸ್ಸಿಗೆ ಮುಂದಿನದರ ಮೈನಸ್. ಬಿಳಿ ಬೀಡ್ 3.0ರಿಂದ 3.4 ವೋಲ್ಟ್ ತಿನ್ನುತ್ತದೆ, ಕೆಂಪು 2.0ರಿಂದ 2.4. ಒಟ್ಟು ಸೇರಿಸಿದರೆ ಸಾಲಿಗೆ 28ರಿಂದ 32 ವೋಲ್ಟ್. ಇದಕ್ಕೆ 36 ವೋಲ್ಟಿನ ಎಸ್‌ಎಂಪಿಎಸ್ (ಮನೆಯ 230 ವೋಲ್ಟನ್ನು ಕಡಿಮೆ ಡಿಸಿ ವೋಲ್ಟಿಗೆ ಇಳಿಸುವ ಪೆಟ್ಟಿಗೆ), ಮೀನ್‌ವೆಲ್ ಕಂಪನಿಯ ಎಲ್‌ಆರ್‌ಎಸ್-35-36 ಆದರೆ 1 ಆಂಪಿಯರ್ ಕೊಡುತ್ತದೆ. ಅದರಿಂದಾಚೆ ಸಾಲಿಗೊಂದರಂತೆ ಅದೇ ಕಂಪನಿಯ ಎರಡು ಎಲ್‌ಡಿಡಿ-350ಎಚ್‌ಡಬ್ಲ್ಯೂ ಡ್ರೈವರ್. ಇದು ವೈರ್ ಬಿಟ್ಟುಕೊಂಡು ಬರುವ ಮಾದರಿ, ಪಿಸಿಬಿ (ಸರ್ಕ್ಯೂಟ್ ಹಲಗೆ) ಮಾಡುವ ಗೋಜಿಲ್ಲ. ಎಲ್‌ಡಿಡಿ ವೋಲ್ಟೇಜ್ ಇಳಿಸುವ ಡ್ರೈವರ್ ಆದ್ದರಿಂದ ಒಳಗೆ ಬರುವ ವೋಲ್ಟೇಜ್ ಹೊರಗಿನದಕ್ಕಿಂತ ಕನಿಷ್ಠ 3 ವೋಲ್ಟ್ ಹೆಚ್ಚಿರಬೇಕು. ನಮ್ಮಲ್ಲಿ 4 ಉಳಿದಿದೆ. ಆಸೆಪಟ್ಟು ಸಾಲಿಗೆ ಇನ್ನೆರಡು ಬಿಳಿ ಸೇರಿಸಿದಿರೋ, ದೀಪ ಮಿಣುಕುತ್ತದೆ ಇಲ್ಲವೇ ಕರೆಂಟ್ 350 ಮುಟ್ಟುವುದೇ ಇಲ್ಲ. ಎರಡೂ ಸಾಲು ಸೇರಿ 21 ವ್ಯಾಟ್ ಆಸುಪಾಸು, ಎಸ್‌ಎಂಪಿಎಸ್ ತನ್ನ ಶಕ್ತಿಯ ಮೂರರಲ್ಲಿ ಎರಡು ಪಾಲೂ ದುಡಿಯುವುದಿಲ್ಲ, ತಣ್ಣಗಿರುತ್ತದೆ. ನೀರಿನ ಮೇಲೆ ಇರುವ ಯಾವ ತಂತಿಯಲ್ಲೂ 36 ವೋಲ್ಟ್ ಮೀರುವುದಿಲ್ಲ. ಇಪ್ಪತ್ತು ಬೀಡನ್ನೂ ಒಂದೇ ಸಾಲು ಮಾಡಿ 230 ವೋಲ್ಟಿನ ಒಂದೇ ಡ್ರೈವರಿಗೆ ಕೊಟ್ಟರೆ ಅಗ್ಗವಾಗುತ್ತದೆ, ಆದರೆ ಆ ಸಾಲಿನಲ್ಲಿ 60 ವೋಲ್ಟ್ ಓಡಾಡುತ್ತದೆ. ಒದ್ದೆ ಕೈ ಸೋಕುವ ಜಾಗದಲ್ಲಿ ಆ ಉಳಿತಾಯ ಬೇಡ.

ಒಂದೇ 700 ಮಿಲಿಆಂಪಿಯರ್ ಡ್ರೈವರಿಗೆ ಎರಡು ಸಾಲನ್ನೂ ಸಮಾಂತರವಾಗಿ ಕಟ್ಟಿಬಿಟ್ಟರೆ ಆಗದೇ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಎರಡು ಸಾಲಿನ ವೋಲ್ಟೇಜ್ ಎಂದೂ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ಕಡಿಮೆ ವೋಲ್ಟೇಜಿನ ಸಾಲು ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ಹೆಚ್ಚು ಬಿಸಿಯಾಗುತ್ತದೆ. ಎಲ್‌ಇಡಿ ಬಿಸಿಯಾದರೆ ಅದರ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ, ಆಗ ಅದು ಮತ್ತೂ ಹೆಚ್ಚು ಎಳೆಯುತ್ತದೆ. ಕೊನೆಗೆ ಆ ಸಾಲಿನ ಒಂದು ಬೀಡ್ ಸುಟ್ಟು ಸಾಲು ಕಡಿದುಹೋಗುತ್ತದೆ, ಅದೇ ಕ್ಷಣದಿಂದ ಪೂರ್ತಿ 700 ಉಳಿದ ಸಾಲಿನ ಪಾಲಿಗೆ. ಸಾಲಿಗೊಂದು ಡ್ರೈವರ್ ಇದ್ದರೆ ಈ ಸರಪಳಿ ಶುರುವಾಗುವುದೇ ಇಲ್ಲ.

ಎಲ್‌ಡಿಡಿಯಲ್ಲಿ ಹೊಸಬರನ್ನು ಕಾಡುವ ಸಂಗತಿ ಮೈನಸ್ ತಂತಿಯದು. ಎಲ್ಲ ಮೈನಸ್ಸೂ ಒಂದೇ ಎಂದುಕೊಂಡು ಎರಡು ಸಾಲಿನ ಕೊನೆಯನ್ನೂ ಸೇರಿಸಿ ಎಸ್‌ಎಂಪಿಎಸ್‌ನ ಮೈನಸ್ಸಿಗೆ ಕಟ್ಟಿಬಿಡುತ್ತಾರೆ. ಈ ಡ್ರೈವರಿನಲ್ಲಿ ಒಳಬರುವ ಮೈನಸ್ಸೂ ಹೊರಹೋಗುವ ಮೈನಸ್ಸೂ ಬೇರೆ ಬೇರೆ. ಅವನ್ನು ಸೇರಿಸಿದರೆ ಕರೆಂಟಿನ ನಿಯಂತ್ರಣವೇ ತಪ್ಪಿ ಸಾಲು ಸುಟ್ಟುಹೋಗುತ್ತದೆ. ಪ್ರತಿ ಸಾಲಿನ ಎರಡೂ ತುದಿ ಅದರದರ ಡ್ರೈವರಿಗೇ ವಾಪಸ್ ಬರಬೇಕು, ನಡುವೆ ಯಾವುದನ್ನೂ ಮುಟ್ಟಬಾರದು. ಇನ್ನೊಂದು, ಎಸ್‌ಎಂಪಿಎಸ್ ಆನ್ ಇರುವಾಗ ಸಾಲಿನ ತಂತಿ ಕೀಳುವುದು, ಸಿಕ್ಕಿಸುವುದು ಕೂಡದು. ತಂತಿ ಬಿಟ್ಟಾಗ ಡ್ರೈವರಿನ ಬಾಯಲ್ಲಿ 36 ವೋಲ್ಟ್ ನಿಂತಿರುತ್ತದೆ, ಸಿಕ್ಕಿಸಿದ ಕ್ಷಣ ಅದು ಒಮ್ಮೆಲೇ ಬೀಡಿಗೆ ಹೊಡೆಯುತ್ತದೆ.

ಇನ್ನು ಲೋಹದ ಕೆಲಸ. ಇದಕ್ಕೆ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ತರಿಸಬೇಕಾಗಿಲ್ಲ. ಸ್ಲೈಡಿಂಗ್ ಕಿಟಕಿ ಮಾಡುವ ಅಲ್ಯೂಮಿನಿಯಂ ಅಂಗಡಿಯಲ್ಲಿ ತುಂಡು ಸೆಕ್ಷನ್‌ಗಳು ಬಿದ್ದಿರುತ್ತವೆ. 50 ಮಿಲಿಮೀಟರ್ ಅಗಲದ, ಎರಡೂ ಕಡೆ 25 ಮಿಲಿಮೀಟರ್ ಗೋಡೆ ಇರುವ ಯು ಚಾನೆಲ್, 22 ಇಂಚು ಕತ್ತರಿಸಿಕೊಡಿ ಎಂದರೆ ಸಾಕು. ಒಳಮೈ ಹೊರಮೈ ಸೇರಿ ಸುಮಾರು 1100 ಚದರ ಸೆಂಟಿಮೀಟರ್ ಆಗುತ್ತದೆ, ಅಂದರೆ ಒಂದು ವ್ಯಾಟಿಗೆ 50ರಷ್ಟು. ಫ್ಯಾನ್ ಇಲ್ಲದೆ ಬಿಸಿ ಹೊರಹಾಕಲು ಇಷ್ಟು ಬೇಕು. ಚಪ್ಪಟೆ ತಳ ಕೆಳಗೆ, ಗೋಡೆಗಳು ಮೇಲ್ಮುಖ. ಬೀಡ್ ತಳದ ಕೆಳಮೈಗೆ. ಗೋಡೆ ಕೆಳಮುಖವಾಗಿದ್ದರೆ ಕಣ್ಣಿಗೆ ಹೊಡೆಯುವ ಬೆಳಕು ತಪ್ಪುತ್ತದೆ ನಿಜ, ಆದರೆ ಬಿಸಿಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಚೆಂದಕ್ಕೆಂದು ಸಿಲ್ವರ್ ಓಕ್ ಹಲಗೆಯ ಮುಚ್ಚಳ ಮಾಡಿಸುವವರು ಮೇಲೆ ಒಂದಿಂಚು ಸೀಳು ಬಿಡಿಸಲೇಬೇಕು.

ಬೀಡ್ ಕೂರಿಸುವ ಜಾಗದ ಪೌಡರ್ ಕೋಟಿಂಗನ್ನು ಮರಳುಕಾಗದದಲ್ಲಿ ಉಜ್ಜಿ ಬರೀ ಲೋಹ ಕಾಣಿಸಬೇಕು. ಸ್ಟಾರಿನ ಬೆನ್ನಿಗೆ ಅಕ್ಕಿಕಾಳಿನಷ್ಟು ಥರ್ಮಲ್ ಪೇಸ್ಟ್ ಇಟ್ಟು, ಒತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ. ಅಂಚಿನ ಸುತ್ತ ಪೇಸ್ಟಿನ ತೆಳು ಗೆರೆ ಹೊರಬಂದರೆ ಸರಿಯಾಗಿ ಕೂತಿದೆ. ಗುಡ್ಡೆ ಗುಡ್ಡೆಯಾಗಿ ಬಂದರೆ ಪೇಸ್ಟ್ ಜಾಸ್ತಿಯಾಗಿದೆ, ಒರೆಸಿ ಮತ್ತೆ ಇಡಿ. ದಪ್ಪ ಪೇಸ್ಟ್ ಬಿಸಿಯನ್ನು ದಾಟಿಸುವುದಿಲ್ಲ, ತಡೆಯುತ್ತದೆ. ಎದುರು ಬದುರು ಎರಡು 3 ಮಿಲಿಮೀಟರ್ ಸ್ಕ್ರೂ, ಪ್ರತಿಯೊಂದಕ್ಕೂ ನೈಲಾನ್ ವಾಷರ್. ವಾಷರ್ ಹಾಕದಿದ್ದರೆ ಸ್ಕ್ರೂವಿನ ತಲೆ ಬೆಸುಗೆಯ ಪ್ಯಾಡಿಗೆ ತಾಗಿ ಇಡೀ ಚಾನೆಲ್ಲಿಗೆ ಶಾರ್ಟ್ ಆಗುತ್ತದೆ. ಸಾಲಿನಲ್ಲಿ ಬೀಡಿನಿಂದ ಬೀಡಿಗೆ ಐದೂವರೆ ಸೆಂಟಿಮೀಟರ್, ಎರಡನೇ ಸಾಲನ್ನು ಅದರ ಅರ್ಧದಷ್ಟು ಸರಿಸಿ. ಕೆಂಪು ಬೀಡ್ ಪ್ರತಿ ಸಾಲಿನ ಮೂರನೇ ಮತ್ತು ಎಂಟನೇ ಜಾಗಕ್ಕೆ. ಲೆನ್ಸ್ ಹಾಕಬೇಡಿ. ಬರೀ ಬೀಡಿನ 120 ಡಿಗ್ರಿ ಹರಡುವಿಕೆಯಲ್ಲಿ ಬಣ್ಣ ತಾನಾಗಿ ಬೆರೆಯುತ್ತದೆ, ಲೆನ್ಸ್ ಹಾಕಿದರೆ ಮರಳಿನ ಮೇಲೆ ಕೆಂಪು ಮಚ್ಚೆ ಬೀಳುತ್ತದೆ.

ಬೆಸುಗೆಗೆ 25 ವ್ಯಾಟಿನ ಐರನ್ ಸಾಲದು. ಅಲ್ಯೂಮಿನಿಯಂ ಸ್ಟಾರ್ ಬಿಸಿಯನ್ನೆಲ್ಲ ಹೀರಿಕೊಂಡು ಸೀಸ ಮೇಲ್ಮೈಯಲ್ಲಿ ಉಂಡೆಯಾಗಿ ನಿಲ್ಲುತ್ತದೆ, ಅಂಟಿದಂತೆ ಕಂಡರೂ ಅಂಟಿರುವುದಿಲ್ಲ. 60 ವ್ಯಾಟಿನದು ಬೇಕು. ಸ್ಟಾರನ್ನು ಚಾನೆಲ್ಲಿಗೆ ಕೂರಿಸುವ ಮೊದಲೇ ಪ್ಯಾಡುಗಳಿಗೆ ಸೀಸ ಹಿಡಿಸಿಟ್ಟುಕೊಂಡರೆ ಆಮೇಲೆ ತಂತಿ ಎರಡೇ ಸೆಕೆಂಡಿನಲ್ಲಿ ಹಿಡಿಯುತ್ತದೆ. ತಂತಿ 0.5 ಚದರ ಮಿಲಿಮೀಟರ್, ಹಲವು ಎಳೆಯದು. ಎಲ್ಲ ಮುಗಿದ ಮೇಲೆ ಮಲ್ಟಿಮೀಟರನ್ನು ಬೀಪ್ ಗುರುತಿಗೆ ಇಟ್ಟು ಒಂದು ಕಡ್ಡಿ ಚಾನೆಲ್ಲಿಗೆ, ಇನ್ನೊಂದು ಪ್ರತಿ ಪ್ಯಾಡಿಗೂ ಮುಟ್ಟಿಸಿ. ಒಂದೇ ಒಂದು ಕಡೆ ಬೀಪ್ ಬಂದರೂ ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ. ಸಾಲಿನಲ್ಲಿ ಯಾವುದಾದರೂ ಬೀಡ್ ಉಲ್ಟಾ ಕೂತಿದ್ದರೆ ಇಡೀ ಸಾಲು ಹತ್ತುವುದಿಲ್ಲ, ಆದ್ದರಿಂದ ಪ್ಲಸ್ ಗುರುತನ್ನು ಇನ್ನೊಮ್ಮೆ ನೋಡಿ.

ಮೊದಲ ಸಲ ಹಚ್ಚುವುದು ಮೇಜಿನ ಮೇಲೆ, ಟ್ಯಾಂಕಿನ ಮೇಲಲ್ಲ. ಎಸ್‌ಎಂಪಿಎಸ್‌ನ ತಿರುಪನ್ನು ಹೊಂದಿಸಿ ಸರಿಯಾಗಿ 36 ವೋಲ್ಟಿಗೆ ನಿಲ್ಲಿಸಿ, ಆಫ್ ಮಾಡಿ, ಆಮೇಲೆ ಡ್ರೈವರ್ ಕಟ್ಟಿ. ಸಾಲಿನ ನಡುವೆ ಮೀಟರ್ ಸೇರಿಸಿ ಕರೆಂಟ್ ನೋಡಿದರೆ 350 ಆಸುಪಾಸು ತೋರಿಸಬೇಕು. ಒಂದು ಗಂಟೆ ಉರಿದ ಮೇಲೆ ಬೀಡ್ ಇರುವ ಜಾಗದ ಬೆನ್ನಿಗೆ ಕೈ ಇಡಿ. ಬಿಸಿ ಇರಲಿ, ಆದರೆ ಕೈ ಇಟ್ಟುಕೊಳ್ಳುವಂತಿರಬೇಕು. ಚಾನೆಲ್ ತಣ್ಣಗಿದ್ದು ಒಂದು ಬೀಡ್ ಮಾತ್ರ ಕೆಂಡದಂತಿದ್ದರೆ ಅದರ ಕೆಳಗೆ ಪೇಸ್ಟ್ ಹಿಡಿದಿಲ್ಲ.

ಮಲೆನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಥಂಡಿ. ಮೂಡಿಗೆರೆ, ಸಕಲೇಶಪುರದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ, ಅದರ ಮೇಲೆ ಟ್ಯಾಂಕಿನ ನೀರಾವಿ ಬೇರೆ. ಬರೀ ಬಿಟ್ಟ ಬೆಸುಗೆಗೆ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಫ್ಲಕ್ಸಿನ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಬೀಡಿನ ಗುಮ್ಮಟಕ್ಕೆ ಟೇಪ್ ಮುಚ್ಚಿ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಸ್ಪ್ರೇ ಹೊಡೆಯಿರಿ. ಟ್ಯಾಂಕ್ ಅಂಟಿಸಲು ತಂದ ಸಿಲಿಕೋನ್ ಮನೆಯಲ್ಲಿದೆಯಲ್ಲ ಎಂದು ಅದನ್ನೇ ಬೆಸುಗೆಗೆ ಬಳಿಯಬೇಡಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ಗಾಜಿಗೆ ಅದು ಸರಿ, ವಿದ್ಯುತ್ತಿಗೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದೇ ಬೇಕು. ಬೀಡುಗಳ ಕೆಳಗೆ 10 ಮಿಲಿಮೀಟರ್ ಅಂತರದಲ್ಲಿ 3 ಮಿಲಿಮೀಟರಿನ ಪಾರದರ್ಶಕ ಅಕ್ರಿಲಿಕ್ ಹಾಳೆ. ಬೋರ್ಡ್ ಮಾಡುವವರೇ ಕತ್ತರಿಸಿಕೊಡುತ್ತಾರೆ. ನೂರಕ್ಕೆ ಎಂಟರಷ್ಟು ಬೆಳಕು ಅದರಲ್ಲಿ ಹೋಗುತ್ತದೆ, ಹೋಗಲಿ.

ಎಸ್‌ಎಂಪಿಎಸ್ ಯಾವತ್ತೂ ಟ್ಯಾಂಕಿನ ಮೇಲೆ ಬೇಡ. ಪಕ್ಕದ ಗೋಡೆಗೆ, ನೀರಿನ ಮಟ್ಟಕ್ಕಿಂತ ಮೇಲೆ, ಎರಡಡಿ ದೂರದಲ್ಲಿ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಡಬ್ಬಿಯ ತೂತುಗಳಿಗೆ ಸಣ್ಣ ಬಲೆ ಅಂಟಿಸಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಹಲ್ಲಿ, ಇರುವೆಗಳಿಗೆ ಎಸ್‌ಎಂಪಿಎಸ್ ಬಲು ಪ್ರೀತಿ. 230 ವೋಲ್ಟಿನ ಟರ್ಮಿನಲ್ ಮೇಲೆ ಹಲ್ಲಿ ಬಿದ್ದರೆ ಅದೂ ಹೋಯಿತು, ಎಸ್‌ಎಂಪಿಎಸ್ಸೂ ಹೋಯಿತು. ಟ್ಯಾಂಕಿನಿಂದ ಬರುವ ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಇಳಿದು ಮೇಲೇರಬೇಕು, ಜಾರಿಬಂದ ಹನಿ ಆ ತಗ್ಗಿನಲ್ಲಿ ತೊಟ್ಟಿಕ್ಕಲಿ. ಚಾನೆಲ್ಲಿಗೂ ಎಸ್‌ಎಂಪಿಎಸ್‌ನ ಅರ್ತ್ ಟರ್ಮಿನಲ್ಲಿಗೂ ಒಂದು ಹಸಿರು ತಂತಿ. ಹಳೇ ತೊಟ್ಟಿಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಅರ್ತ್ ಎಳೆದೇ ಇರುವುದಿಲ್ಲ, ಎಳೆದಿದ್ದರೂ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ, ಟ್ಯಾಂಕಿನ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಈ ಬರಹದಲ್ಲಿ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಫಿಲ್ಟರ್, ಹೀಟರ್ ಕೂಡ ಅದೇ ನೀರಿನಲ್ಲಿವೆ. ಸಿಡಿಲಿನ ತಿಂಗಳುಗಳಿಗಾಗಿ ಫ್ಯೂಸಿನ ನಂತರ ಲೈನಿಗೂ ನ್ಯೂಟ್ರಲ್ಲಿಗೂ ನಡುವೆ 471ಕೆ ಗುರುತಿನ ಎಂಒವಿ (ಒಮ್ಮೆಲೇ ಏರುವ ವೋಲ್ಟೇಜನ್ನು ಹೀರುವ ಬಿಡಿಭಾಗ) ಒಂದಿರಲಿ. ಹತ್ತಿರದಲ್ಲೇ ಸಿಡಿಲು ಬಿದ್ದರೆ ಅದೂ ತಡೆಯದು. ಗುಡುಗು ಶುರುವಾದಾಗ ಪ್ಲಗ್ ಕೀಳುವುದೇ ಸರಿ.

ಕರೆಂಟ್ ಹೋದಾಗ ಲೈಟನ್ನು ಯುಪಿಎಸ್‌ಗೆ ಕೊಡಬೇಕೇ? ಬೇಡ. ಮರ ಬಿದ್ದು ಎರಡು ದಿನ ಲೈನ್ ಹೋದರೂ ಗಿಡಕ್ಕೆ ಏನೂ ಆಗುವುದಿಲ್ಲ. ಬ್ಯಾಟರಿಯನ್ನು ಏರ್ ಪಂಪಿಗೆ ಉಳಿಸಿ. ಟೈಮರ್ ಮಾತ್ರ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಆಗಿರಲಿ. ತಿರುಗುವ ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತು ಹಿಂದೆ ಬೀಳುತ್ತದೆ, ವಾರದಲ್ಲಿ ಟ್ಯಾಂಕಿನ ಹಗಲು ರಾತ್ರಿಗೆ ಸರಿದಿರುತ್ತದೆ.

ಎರಡು ಸಾಲು ಮಾಡಿದ್ದರ ಲಾಭ ಇಲ್ಲಿ ಬರುತ್ತದೆ. ಎಲ್‌ಡಿಡಿಯ ಡಿಮ್ ತಂತಿಯನ್ನು ಒಳಬರುವ ಮೈನಸ್ಸಿಗೆ ತಾಗಿಸಿದರೆ ಆ ಸಾಲು ಆರುತ್ತದೆ, ಹಾಗೇ ಬಿಟ್ಟರೆ ಪೂರ್ತಿ ಉರಿಯುತ್ತದೆ. ಆ ನಡುವೆ ಒಂದು ಪುಟ್ಟ ಸ್ವಿಚ್ ಇಟ್ಟರೆ ಬೆಳಕನ್ನು ಸಲೀಸಾಗಿ ಅರ್ಧಕ್ಕೆ ಇಳಿಸಬಹುದು. ಇನ್ನೂ ನಯವಾಗಿ ಬೇಕಾದವರು ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡ್), ಡಿಎಸ್3231 ಗಡಿಯಾರ ಸೇರಿಸಿಕೊಳ್ಳಬಹುದು. ನ್ಯಾನೊದ 9, 10ನೇ ಪಿನ್‌ಗಳ 490 ಹರ್ಟ್ಸ್ ಪಲ್ಸ್ ಎಲ್‌ಡಿಡಿಗೆ ಸರಿಹೊಂದುತ್ತದೆ. ನ್ಯಾನೊಗೆ ಬೇರೆ 5 ವೋಲ್ಟ್ ಚಾರ್ಜರ್ ಕೊಡಿ, ಅದರ ಗ್ರೌಂಡನ್ನು ಡ್ರೈವರಿನ ಒಳಬರುವ ಮೈನಸ್ಸಿಗೆ ಸೇರಿಸಿ.

ಹೊಸ ಟ್ಯಾಂಕಿಗೆ ಒಂದೇ ಸಾಲು, ದಿನಕ್ಕೆ ಆರು ಗಂಟೆ. ಮೊದಲ ವಾರಗಳಲ್ಲಿ ಬರುವ ಕಂದು ಧೂಳಿನಂಥ ಪಾಚಿಗೆ ಲೈಟ್ ಕಾರಣವಲ್ಲ, ಒರೆಸಿ ಸುಮ್ಮನಿರಿ. ಗಿಡ ಬೇರು ಬಿಟ್ಟು ಹೊಸ ಎಲೆ ಬಂದ ಮೇಲೆ ಎರಡನೇ ಸಾಲನ್ನು ನಡು ಹೊತ್ತಿನಲ್ಲಿ ಎರಡು ಗಂಟೆ ಸೇರಿಸಿ. ಪ್ರತಿ ಬದಲಾವಣೆಗೂ ಎರಡು ವಾರ ಕೊಡಿ. ಎಂಟು ಗಂಟೆ ಮೀರಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಮಾತ್ರ ಲೈಟನ್ನು ಕತ್ತಲಾಗುವ ಮುಂಚೆ ಆರಿಸಿ. ರೆಕ್ಕೆ ಬಂದ ಗೆದ್ದಲು ರಾಶಿ ರಾಶಿಯಾಗಿ ಬಂದು ನೀರಿಗೆ ಬಿದ್ದು ಕೊಳೆತರೆ ಮೀನಿಗೆ ಕಷ್ಟ.

ಅಳತೆ ಬೇಕೆನ್ನುವವರು ಖಾಲಿ ಟ್ಯಾಂಕಿನ ತಳದಲ್ಲಿ ಲಕ್ಸ್ ಮೀಟರ್ ಇಟ್ಟು ನೋಡಬಹುದು. ತಂಪು ಬಿಳಿ ಎಲ್‌ಇಡಿಗೆ ಲಕ್ಸನ್ನು 70ರಿಂದ ಭಾಗಿಸಿದರೆ ಪಾರ್ (ಗಿಡ ಬಳಸಬಲ್ಲ ಬೆಳಕಿನ ಅಳತೆ) ಅಂದಾಜು ಸಿಗುತ್ತದೆ: 3000 ಲಕ್ಸ್ ಎಂದರೆ 40ಕ್ಕಿಂತ ತುಸು ಹೆಚ್ಚು. ತಳದಲ್ಲಿ 15–30 ಇದ್ದರೆ ಕಡಿಮೆ ಬೆಳಕು, 30–50 ಮಧ್ಯಮ. ಕೆಂಪು ಬೀಡಿನ ಪಾಲನ್ನು ಈ ಮೀಟರ್ ಕಡಿಮೆ ತೋರಿಸುತ್ತದೆ. ಮೀಟರ್ ಇಲ್ಲದಿದ್ದರೂ ಗಿಡವೇ ಹೇಳುತ್ತದೆ. ಕಾಂಡದಲ್ಲಿ ಗಿಣ್ಣಿನಿಂದ ಗಿಣ್ಣಿಗೆ ಅಂತರ ಹೆಚ್ಚಿ, ಕೆಳಗಿನ ಎಲೆ ಉದುರುತ್ತಿದ್ದರೆ ಬೆಳಕು ಸಾಲದು. ಗಾಜಿನ ಮೇಲೆ ಗಟ್ಟಿ ಹಸಿರು ಚುಕ್ಕೆ, ಎಲೆಯಂಚಿನಲ್ಲಿ ಕೂದಲಿನಂಥ ಪಾಚಿ ಬಂದರೆ ಹೆಚ್ಚು. ಹೊಸ ಎಲೆ ಬಿಳಿಚಿಕೊಂಡು ಬಂದರೆ ಅದು ಬೆಳಕಿನ ಮಾತಲ್ಲ, ಕಬ್ಬಿಣದ ಕೊರತೆ ಇರಬಹುದು. ಮಲೆನಾಡಿನ ಬಾವಿಯ ಮೆದು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಸಾಲದೆ ಹೊಸ ಎಲೆ ಮುರುಟುತ್ತದೆ. ಆಗ ಲೈಟ್ ಏರಿಸಿದರೆ ಇನ್ನೂ ಕೆಡುತ್ತದೆ. ಪಾಚಿ ಗಾಜಿನ ಒಂದೇ ಬದಿಯಲ್ಲಿದ್ದರೆ ಕಿಟಕಿ ನೋಡಿ. ನವೆಂಬರ್‌ನಿಂದ ಜನವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿ, ಬೇಸಿಗೆಯಲ್ಲಿ ಬಿಸಿಲೇ ಬಾರದ ತೆಂಕಣ ಕಿಟಕಿಯಿಂದ ನೇರ ಒಳಬರುತ್ತಾನೆ. ಕತ್ತರಿಸಿದ ಗಿಡದ ತುಂಡುಗಳನ್ನು ಕೆರೆಗೋ ಹಳ್ಳಕ್ಕೋ ಎಸೆಯಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಅಂತರಗಂಗೆ ನಮ್ಮ ಕೆರೆಗಳಿಗೆ ಮಾಡಿರುವುದು ಸಾಕು.

ಅಕ್ರಿಲಿಕ್ ಹಾಳೆಯನ್ನು ವಾರಕ್ಕೊಮ್ಮೆ ಒರೆಸಿ. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಾದರೆ ಹನಿ ಒಣಗಿದಲ್ಲೆಲ್ಲ ಬಿಳಿ ಕಲೆ ಕೂರುತ್ತದೆ, ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿದ ಬಟ್ಟೆಗೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಮ್ಮೆಲೇ ಒರೆಸಿದರೆ ಗಿಡಕ್ಕೆ ಬೆಳಕು ಏಕ್‌ದಂ ಜಾಸ್ತಿಯಾಗುತ್ತದೆ, ಆ ವಾರ ಒಂದು ಗಂಟೆ ಕಡಿಮೆ ಉರಿಸಿ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ಎಸ್‌ಎಂಪಿಎಸ್ ಟರ್ಮಿನಲ್ ಸ್ಕ್ರೂಗಳನ್ನು ಬಿಗಿಮಾಡಿ, ಡಬ್ಬಿಯ ಬಲೆಯ ಧೂಳು ತೆಗೆಯಿರಿ, ಬೆಸುಗೆಯಲ್ಲಿ ಕಿಲುಬು ಕಂಡರೆ ಕೆರೆದು ಮತ್ತೆ ಸೀಸ ಹಿಡಿಸಿ ಸ್ಪ್ರೇ ಹೊಡೆಯಿರಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಟ್ರಿಪ್ ಆಗುತ್ತದೆಯೇ ನೋಡಿ. ಆಗದಿದ್ದರೆ ಅದನ್ನು ಬದಲಿಸಿದ ಮೇಲೆಯೇ ಲೈಟ್ ಹಚ್ಚಿ.